ಸಾಕುವುದು ಬೇರೆ, ಉಳಿಸುವುದು ಬೇರೆ: ಆಫ್ರಿಕಾದ ಪುಟ್ಟ ಕಾಡುಬೆಕ್ಕುಗಳ ಲೆಕ್ಕ

ಗಲ್ಫ್‌ನಲ್ಲಿರುವ ನಮ್ಮವರ ವಾಟ್ಸಾಪ್ ಗ್ರೂಪುಗಳಲ್ಲಿ ಆಗಾಗ ಒಂದು ತರದ ವಿಡಿಯೋ ಓಡಾಡುತ್ತಾ ಇರುತ್ತದೆ. ದೊಡ್ಡ ಗಾಡಿಯ ಮುಂದಿನ ಸೀಟು. ಅದರ ಮೇಲೆ ಉದ್ದ ಕಾಲು, ಮೊಲದ ಹಾಗೆ ನಿಂತ ಕಿವಿ, ಮೈತುಂಬ ಕಪ್ಪು ಚುಕ್ಕೆ ಇರುವ ಒಂದು ಪ್ರಾಣಿ. ಕೊರಳಿಗೆ ಬೆಲ್ಟು. ಕೆಳಗೆ ಕಾಮೆಂಟುಗಳ ಸಾಲು. "ಚಿರತೆ ಮರಿ ಇರಬೇಕು" ಅಂತ ಒಬ್ಬರು, "ಎಷ್ಟು ದಿರ್ಹಂ ಆಗುತ್ತಂತೆ?" ಅಂತ ಇನ್ನೊಬ್ಬರು.

ಅದು ಚಿರತೆಯೂ ಅಲ್ಲ, ಮರಿಯೂ ಅಲ್ಲ. ಅದು ಸರ್ವಲ್ ಅನ್ನುವ ಆಫ್ರಿಕಾದ ಕಾಡುಬೆಕ್ಕು, ಬೆಳೆದು ನಿಂತಿರುವುದೇ ಅಷ್ಟು. ಇಂಥ ವಿಡಿಯೋ ನೋಡಿದಾಗ "ಪಾಪ, ಅಳಿದು ಹೋಗುವ ಪ್ರಾಣಿಯನ್ನು ಯಾರೋ ಪ್ರೀತಿಯಿಂದ ಸಾಕ್ತಾ ಇದ್ದಾರೆ, ಒಳ್ಳೆಯದೇ ಅಲ್ವಾ" ಅನ್ನಿಸುವುದು ಸಹಜ. ಆದರೆ ಕಾಡುಬೆಕ್ಕನ್ನು ಮನೆಯಲ್ಲಿ ಸಾಕುವುದಕ್ಕೂ, ಅದರ ಸಂತತಿಯನ್ನು ಉಳಿಸುವುದಕ್ಕೂ ಬಹಳ ದೂರ. ಎಷ್ಟು ದೂರ ಅಂತ ತಿಳಿಯಬೇಕಾದರೆ, ಉಳಿಸುವ ಕೆಲಸವನ್ನೇ ಮಾಡುವವರು ಏನೇನು ಮಾಡುತ್ತಾರೆ ಅಂತ ನೋಡಬೇಕು. ಇಲ್ಲಿನ ಮಜ್ರಾಗಳಲ್ಲಿ, ವಿಲ್ಲಾಗಳಲ್ಲಿ, ಡ್ರೈವರ್ ಕೆಲಸದಲ್ಲಿ ಇರುವ ನಮ್ಮವರಿಗೆ ಇದು ಬರೀ ಕುತೂಹಲದ ವಿಷಯವೂ ಅಲ್ಲ. ಮಾಲೀಕರು ತಂದ ಪ್ರಾಣಿಗೆ ಊಟ ಹಾಕುವ ಕೆಲಸ ಕೊನೆಗೆ ಬರುವುದು ಇಂಥವರ ಪಾಲಿಗೇ.

ಯಾವ ಬೆಕ್ಕು, ಎಲ್ಲಿಯದು?

ಆಫ್ರಿಕಾ ಅಂದ ಕೂಡಲೇ ಸಿಂಹ, ಚೀತಾ ನೆನಪಾಗುತ್ತದೆ. ಅದೇ ವಂಶದ ಸಣ್ಣ ಬೆಕ್ಕುಗಳೂ ಅಲ್ಲಿ ಇವೆ. ನಾಲ್ಕನ್ನು ಇಲ್ಲಿ ತಿಳಿದುಕೊಂಡರೆ ಸಾಕು.

ಮೊದಲನೆಯದು ಕರಿಪಾದದ ಬೆಕ್ಕು. ದಕ್ಷಿಣ ಆಫ್ರಿಕಾ, ನಮೀಬಿಯಾ, ಬೋಟ್ಸ್ವಾನಾಗಳ ಒಣ ಹುಲ್ಲುಗಾವಲಿನಲ್ಲಿ ಮಾತ್ರ ಇರುವಂಥದ್ದು. ಆಫ್ರಿಕಾದ ಅತಿ ಚಿಕ್ಕ ಕಾಡುಬೆಕ್ಕು ಇದು. ಹೆಣ್ಣು ಸುಮಾರು ಒಂದೂವರೆ ಕಿಲೋ ತೂಗಿದರೆ ಹೆಚ್ಚು. ಹಗಲೆಲ್ಲ ಹುತ್ತದೊಳಗೋ ಬಿಲದೊಳಗೋ ಮಲಗಿರುತ್ತದೆ. ಅದಕ್ಕೇ ಅಲ್ಲಿನ ರೈತರು ತಮ್ಮ ಆಫ್ರಿಕಾನ್ಸ್ ಭಾಷೆಯಲ್ಲಿ ಅದನ್ನು "ಹುತ್ತದ ಹುಲಿ" ಅಂತ ಕರೆಯುತ್ತಾರೆ. ನಮ್ಮ ಕರ್ನಾಟಕದ ಕಾಡುಗಳಲ್ಲೂ ಇದರಷ್ಟೇ ಚಿಕ್ಕದಾದ, ತುಕ್ಕು ಬಣ್ಣದ ಚುಕ್ಕೆಯ ಒಂದು ಕಾಡುಬೆಕ್ಕು ಇದೆ. ಪ್ರಪಂಚದ ಅತಿ ಚಿಕ್ಕ ಬೆಕ್ಕು ಯಾವುದು ಅನ್ನುವ ಪೈಪೋಟಿ ಇವೆರಡರ ಮಧ್ಯೆಯೇ.

ಎರಡನೆಯದು ಮರಳು ಬೆಕ್ಕು. ಇದು ಸಹಾರಾದ್ದೂ ಹೌದು, ಅರಬ್ ಮರುಭೂಮಿಯದ್ದೂ ಹೌದು, ಅಂದರೆ ನಾವಿರುವ ನೆಲದ ಪ್ರಾಣಿಯೇ. ಅಂಗಾಲಿನ ತುಂಬ ಕೂದಲು, ಹಾಗಾಗಿ ಸುಡುವ ಮರಳಿನ ಮೇಲೂ ನಡೆಯುತ್ತದೆ, ಹೆಜ್ಜೆ ಗುರುತೂ ಸರಿಯಾಗಿ ಬೀಳುವುದಿಲ್ಲ. ಟಾರ್ಚ್ ಬಿಟ್ಟರೆ ನೆಲಕ್ಕೆ ಒತ್ತಿ ಕೂತು ಕಣ್ಣು ಮುಚ್ಚಿಕೊಳ್ಳುತ್ತದೆ, ಕಣ್ಣು ಹೊಳೆಯಬಾರದು ಅಂತ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಗಾದೆ ನಮ್ಮಲ್ಲಿ ದಡ್ಡತನಕ್ಕೆ ಹೇಳುವುದು, ಈ ಬೆಕ್ಕಿಗೆ ಮಾತ್ರ ಕಣ್ಣು ಮುಚ್ಚುವುದೇ ಜಾಣತನ. ಇದು ಎಷ್ಟು ಗುಟ್ಟಾಗಿ ಬದುಕುತ್ತದೆ ಅಂದರೆ, ಸಹಾರಾದ ಕಾಡಿನಲ್ಲಿ ಇದರ ಮರಿಗಳನ್ನು ಸಂಶೋಧಕರು ಮೊದಲ ಸಲ ವಿಡಿಯೋ ಮಾಡಿದ್ದು 2017ರಲ್ಲಿ.

ಮೂರನೆಯದು ವಿಡಿಯೋಗಳಲ್ಲಿ ಕಾಣುವ ಸರ್ವಲ್. ನೀರಿನ ಪಸೆ ಇರುವ ಎತ್ತರದ ಹುಲ್ಲಿನಲ್ಲಿ ಕಿವಿಯಿಂದಲೇ ಇಲಿಯ ಸದ್ದು ಹಿಡಿದು ಮೇಲಿಂದ ಹಾರಿ ಬೀಳುವ ಬೇಟೆಗಾರ.

ನಾಲ್ಕನೆಯದು ಆಫ್ರಿಕಾದ ಕಾಡುಬೆಕ್ಕು. ನೋಡಲು ನಮ್ಮ ಮನೆಬೆಕ್ಕಿನ ಹಾಗೇ ಇರುತ್ತದೆ. ಕಾರಣ, ಮನೆಬೆಕ್ಕುಗಳೆಲ್ಲ ಇದರ ವಂಶದಿಂದಲೇ ಬಂದವು. ಪಶ್ಚಿಮ ಏಷ್ಯಾದಲ್ಲಿ ರೈತರು ಧಾನ್ಯ ಕೂಡಿಡಲು ಶುರು ಮಾಡಿದಾಗ ಇಲಿ ಹುಡುಕಿಕೊಂಡು ಹತ್ತಿರ ಬಂದ ಕಾಡುಬೆಕ್ಕುಗಳೇ ಇವುಗಳ ಮೂಲ ಅಂತ 2007ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿತು. ಊರಲ್ಲಿ "ಪುಚ್ಚೆ" ಅಂತ ಕರೆದು ಮೀನಿನ ತಲೆ ಹಾಕುವ ಬೆಕ್ಕಿಗೂ ಇಲ್ಲಿನ ಮರುಭೂಮಿಯ ಕಾಡುಬೆಕ್ಕಿಗೂ ರಕ್ತ ಸಂಬಂಧ ಇದೆ ಅಂದ ಹಾಗಾಯಿತು.

ಉಳಿಸುವ ಕೆಲಸ ಶುರುವಾಗುವುದು ಪುಸ್ತಕದಿಂದ

ಒಂದು ಅಂಗಡಿಯಲ್ಲಿ ಎಷ್ಟೇ ಮಾಲು ತುಂಬಿರಲಿ, ಖಾತೆ ಪುಸ್ತಕ ಇಲ್ಲದಿದ್ದರೆ ಆ ವ್ಯಾಪಾರ ನಡೆಯುವುದಿಲ್ಲ. ಮೃಗಾಲಯದ ಕಾಡುಬೆಕ್ಕುಗಳ ಮಟ್ಟಿಗೂ ಅದೇ ಮಾತು. ಒಂದೊಂದು ಜಾತಿಗೂ ಒಂದು ವಂಶಾವಳಿ ಪುಸ್ತಕ ಇಡುತ್ತಾರೆ. ಸ್ಟಡ್‌ಬುಕ್ ಅಂತ ಅದರ ಹೆಸರು. ಪ್ರತಿ ಬೆಕ್ಕಿಗೂ ಒಂದು ನಂಬರು. ಅದರ ಅಪ್ಪ ಯಾರು, ಅಮ್ಮ ಯಾರು, ಹುಟ್ಟಿದ್ದು ಎಲ್ಲಿ, ಯಾವ ದಿನ, ಯಾವ ಮೃಗಾಲಯದಿಂದ ಯಾವ ಮೃಗಾಲಯಕ್ಕೆ ಹೋಯಿತು, ಸತ್ತದ್ದು ಯಾವಾಗ, ಯಾತರಿಂದ, ಎಲ್ಲವೂ ಅದರಲ್ಲಿ ಇರಬೇಕು.

ಇದು ಯಾಕೆ ಬೇಕು? ಬಂಧನದಲ್ಲಿರುವ ಬೆಕ್ಕುಗಳ ಸಂಖ್ಯೆ ಕಡಿಮೆ. ಲೆಕ್ಕ ನೋಡದೆ ಹತ್ತಿರ ಸಿಕ್ಕಿದ ಗಂಡು ಹೆಣ್ಣನ್ನು ಜೋಡಿ ಮಾಡುತ್ತಾ ಹೋದರೆ ಮೂರ್ನಾಲ್ಕು ತಲೆಮಾರಿನಲ್ಲಿ ಎಲ್ಲವೂ ಒಂದೇ ಮನೆಯ ಮಕ್ಕಳಾಗಿಬಿಡುತ್ತವೆ. ಆಮೇಲೆ ಮರಿಗಳು ಬದುಕುವುದಿಲ್ಲ, ಒಂದು ರೋಗ ಬಂದರೆ ಎಲ್ಲಕ್ಕೂ ತಗಲುತ್ತದೆ. ಹಾಗಾಗಿ ಪುಸ್ತಕದ ಲೆಕ್ಕ ನೋಡಿ, ಉಳಿದವುಗಳ ಜೊತೆ ಯಾವ ಬೆಕ್ಕಿಗೆ ಅತಿ ಕಡಿಮೆ ನೆಂಟಸ್ತನ ಇದೆಯೋ ಅದಕ್ಕೆ ಮರಿ ಮಾಡುವ ಅವಕಾಶ ಮೊದಲು. ಆಗಲೇ ಅದರ ಅಣ್ಣತಮ್ಮಂದಿರು ತುಂಬ ಇದ್ದರೆ, ಎಷ್ಟೇ ಚೆಂದದ ಬೆಕ್ಕಾದರೂ ಸರದಿ ಬರುವುದಿಲ್ಲ. ಇಂಥ ಯೋಜನೆಗಳು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ, ಮೂಲದಲ್ಲಿದ್ದ ವಂಶವಾಹಿ ವೈವಿಧ್ಯದಲ್ಲಿ ನೂರಕ್ಕೆ 90 ಭಾಗವನ್ನು 100 ವರ್ಷ ಕಾಪಾಡುವುದು. ಕರಿಪಾದದ ಬೆಕ್ಕಿನ ಪುಸ್ತಕವನ್ನು ಬಹಳ ವರ್ಷಗಳ ಕಾಲ ನೋಡಿಕೊಂಡದ್ದು ಜರ್ಮನಿಯ ವುಪ್ಪರ್ಟಾಲ್ ಮೃಗಾಲಯ.

ವಿಲ್ಲಾದಲ್ಲಿರುವ ಸರ್ವಲ್‌ಗೆ ಈ ಪುಸ್ತಕದಲ್ಲಿ ನಂಬರು ಇರುವುದಿಲ್ಲ. ಅದರ ಅಪ್ಪ ಅಮ್ಮ ಯಾರು ಅಂತ ಮಾರಿದವನಿಗೂ ಗೊತ್ತಿರುವುದಿಲ್ಲ. ಅಂಥ ಬೆಕ್ಕು ನೂರು ಇದ್ದರೂ ಸಂತತಿಯ ಲೆಕ್ಕದಲ್ಲಿ ಸೊನ್ನೆ.

ಹೊಟ್ಟೆ, ಗಾಳಿ, ಏಕಾಂತ

ಪುಸ್ತಕದ ನಂತರ ಬರುವುದು ದಿನದ ಆರೈಕೆ. ಇಲ್ಲಿ ಮನೆಬೆಕ್ಕಿನ ಅನುಭವ ಬಹಳ ಮಟ್ಟಿಗೆ ಉಪಯೋಗಕ್ಕೆ ಬರುವುದಿಲ್ಲ.

ಮೊದಲು ಊಟ. ಕಾಡಿನಲ್ಲಿ ಬೆಕ್ಕು ಇಲಿಯನ್ನು ಮೂಳೆ, ಕರುಳು, ಚರ್ಮ ಸಮೇತ ತಿನ್ನುತ್ತದೆ. ಅದರ ಬದಲು ಬರೀ ಕೋಳಿಯ ಎದೆ ಮಾಂಸ ಹಾಕುತ್ತಾ ಹೋದರೆ ಕ್ಯಾಲ್ಶಿಯಂ ಸಾಲದೆ ಮರಿಯ ಮೂಳೆ ಮೆತ್ತಗಾಗುತ್ತದೆ, ಕಾಲು ಸೊಟ್ಟಗಾಗುತ್ತದೆ, ಸಣ್ಣದಾಗಿ ಹಾರಿದರೂ ಮುರಿಯುತ್ತದೆ. ಟಾರಿನ್ ಅನ್ನುವ ಒಂದು ಪೋಷಕಾಂಶವೂ ಬೇಕೇ ಬೇಕು, ಬೆಕ್ಕಿನ ದೇಹ ಅದನ್ನು ಸಾಕಷ್ಟು ತಯಾರಿಸಿಕೊಳ್ಳುವುದಿಲ್ಲ. ಅದು ಕಡಿಮೆಯಾದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಅದಕ್ಕೇ ಮೃಗಾಲಯಗಳಲ್ಲಿ ಇಡೀ ಇಲಿ, ಕೋಳಿಮರಿ, ಲಾವಕ್ಕಿ ಕೊಡುತ್ತಾರೆ, ಬರೀ ಮಾಂಸ ಕೊಟ್ಟರೆ ಅದರ ಮೇಲೆ ಪೋಷಕಾಂಶದ ಪುಡಿ ಸೇರಿಸುತ್ತಾರೆ.

ಊಟದಿಂದಲೇ ಬರುವ ಇನ್ನೊಂದು ಅಪಾಯ ಟಾಕ್ಸೋಪ್ಲಾಸ್ಮಾ ಅನ್ನುವ ಪರಾವಲಂಬಿ ಜೀವಿ. ಮನೆಬೆಕ್ಕಿಗೆ ಇದು ಬಂದದ್ದೇ ಎಷ್ಟೋ ಸಲ ಗೊತ್ತಾಗುವುದಿಲ್ಲ. ಮರಳು ಬೆಕ್ಕಿಗೆ ಪ್ರಾಣಕ್ಕೇ ಕುತ್ತು. ಒಣ ಮರುಭೂಮಿಯಲ್ಲಿ ಈ ಜೀವಿಯ ಕಾಟ ಕಡಿಮೆ, ಹಾಗಾಗಿ ಅಲ್ಲಿನ ಬೆಕ್ಕಿಗೆ ಅದನ್ನು ತಡೆಯುವ ಶಕ್ತಿ ಬೆಳೆದಿಲ್ಲ ಅನ್ನುವುದು ವೈದ್ಯರ ಊಹೆ. ಶಾರ್ಜಾದ ಅರೇಬಿಯನ್ ವನ್ಯಜೀವಿ ಸಂತಾನಾಭಿವೃದ್ಧಿ ಕೇಂದ್ರದಲ್ಲಿ ಮರಳು ಬೆಕ್ಕುಗಳು ಇದೇ ಸೋಂಕಿನಿಂದ ಸತ್ತದ್ದನ್ನು ಪಶುವೈದ್ಯರು 2008ರಲ್ಲಿ ದಾಖಲಿಸಿದರು. ಮಾಂಸವನ್ನು ಕೆಲವು ದಿನ ಗಟ್ಟಿಯಾಗಿ ಫ್ರೀಜ್ ಮಾಡಿ ಕೊಡುವುದು, ಬೀದಿ ಬೆಕ್ಕು ಹತ್ತಿರ ಸುಳಿಯದ ಹಾಗೆ ನೋಡಿಕೊಳ್ಳುವುದು, ಇವೇ ಇದಕ್ಕೆ ಮುಖ್ಯ ಕಾವಲು.

ಆಮೇಲೆ ಗಾಳಿ. ಮರಳು ಬೆಕ್ಕಿಗೆ ತೇವ ಆಗಿಬರುವುದಿಲ್ಲ, ಉಸಿರಾಟದ ಸೋಂಕು ಬೇಗ ಹತ್ತುತ್ತದೆ. ಯುರೋಪಿನ ಮೃಗಾಲಯಗಳಲ್ಲಿ ಅದಕ್ಕೆಂದೇ ಒಣ, ಬೆಚ್ಚಗಿನ ಕೋಣೆ ಮಾಡಿರುತ್ತಾರೆ. ಇನ್ನು ಜೊತೆ. ಈ ಬೆಕ್ಕುಗಳು ಒಂಟಿ ಜೀವಿಗಳು. ಹೆಣ್ಣು ಬೆದೆಗೆ ಬರುವುದೇ ಕೆಲವೇ ದಿನ. ಅಷ್ಟರೊಳಗೆ ಗಂಡನ್ನು ಬಿಡಬೇಕು, ಜಗಳ ಶುರುವಾದರೆ ಬೇರೆ ಮಾಡಬೇಕು. ಮರಿ ಹಾಕಿದ ಮೇಲೆ ಜನ ಓಡಾಡಿದರೆ, ಸದ್ದಾದರೆ, ಗಾಬರಿಬಿದ್ದ ತಾಯಿ ತನ್ನ ಮರಿಯನ್ನೇ ಕೊಂದುಬಿಡುವುದೂ ಉಂಟು. ಹಾಗಾಗಿ ತಿಳಿದ ಪಾಲಕರು ಆ ದಿನಗಳಲ್ಲಿ ಒಳಗೆ ಕಾಲಿಡದೆ ಕ್ಯಾಮೆರಾದಲ್ಲೇ ನೋಡುತ್ತಾರೆ.

ಇಷ್ಟೆಲ್ಲ ಮಾಡಿದರೂ ಸೋಲು ತಪ್ಪುವುದಿಲ್ಲ. ಬಂಧನದಲ್ಲಿರುವ ಕರಿಪಾದದ ಬೆಕ್ಕುಗಳ ಸಾವಿಗೆ ದೊಡ್ಡ ಕಾರಣ ಅಮಿಲಾಯ್ಡೋಸಿಸ್ ಅನ್ನುವ ಕಾಯಿಲೆ. ದೇಹದ ಒಂದು ಬಗೆಯ ಪ್ರೋಟೀನು ಕಿಡ್ನಿಯಲ್ಲಿ ಕಸದ ಹಾಗೆ ಕೂಡುತ್ತಾ ಹೋಗಿ, ಕೊನೆಗೆ ಕಿಡ್ನಿ ನಿಂತುಹೋಗುತ್ತದೆ. ವಂಶದಲ್ಲೇ ಬರುವ ದೋಷ ಇರಬಹುದು, ಬಂಧನದ ಒತ್ತಡವೂ ಸೇರಿರಬಹುದು. ಕಾಡಿನಲ್ಲಿರುವ ಬೆಕ್ಕುಗಳಲ್ಲೂ ಇದು ಕಂಡುಬಂದಿದೆ. ಪಕ್ಕಾ ಮದ್ದು ಇನ್ನೂ ಸಿಕ್ಕಿಲ್ಲ. ವರ್ಷಗಟ್ಟಲೆ ತರಬೇತಿ ಪಡೆದ ವೈದ್ಯರ ಕೈಯಲ್ಲೇ ಹೀಗಾದರೆ, ಮನೆಯ ಹಿಂದಿನ ಪಂಜರದಲ್ಲಿ ಏನಾಗಬಹುದು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಫ್ರೀಜರ್‌ನಲ್ಲಿಟ್ಟ ಠೇವಣಿ

ಕಷ್ಟಪಟ್ಟವರಿಗೆ ಗೆಲುವೂ ಸಿಕ್ಕಿದೆ. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಆಡುಬಾನ್ ಸಂಶೋಧನಾ ಕೇಂದ್ರದಲ್ಲಿ 1999ರಲ್ಲಿ, ಹೆಪ್ಪುಗಟ್ಟಿಸಿ ಇಟ್ಟಿದ್ದ ಆಫ್ರಿಕಾದ ಕಾಡುಬೆಕ್ಕಿನ ಭ್ರೂಣವನ್ನು ಒಂದು ಮನೆಬೆಕ್ಕಿನ ಗರ್ಭದಲ್ಲಿ ಇಟ್ಟರು. ಹುಟ್ಟಿದ್ದು ಕಾಡುಬೆಕ್ಕಿನ ಮರಿ. ಅದೇ ಕೇಂದ್ರ ಕರಿಪಾದದ ಬೆಕ್ಕಿನ ಮೇಲೂ ಕೆಲಸ ಮಾಡಿತು. ಒಮಾಹಾ ಮೃಗಾಲಯದ ಒಂದು ಗಂಡಿನಿಂದ 2003ರಲ್ಲಿ ವೀರ್ಯ ತೆಗೆದಿಟ್ಟಿದ್ದರು. 2005ರಲ್ಲಿ ಅದರಿಂದ ಭ್ರೂಣ ಮಾಡಿ ಫ್ರೀಜರ್‌ನಲ್ಲಿಟ್ಟರು. 2011ರ ಫೆಬ್ರವರಿಯಲ್ಲಿ ಅದರಿಂದ ಎರಡು ಗಂಡುಮರಿ ಹುಟ್ಟಿದವು. ಮರುವರ್ಷ ಇನ್ನೊಂದು ಮರಿಯನ್ನು ಹೆತ್ತದ್ದು ಒಂದು ಸಾಧಾರಣ ಮನೆಬೆಕ್ಕು.

ನಮ್ಮ ಹತ್ತಿರದ ಅಲ್ ಐನ್‌ನಲ್ಲೂ ಇಂಥದ್ದೇ ಕೆಲಸ ನಡೆದಿದೆ. 1968ರಲ್ಲಿ ಶೇಖ್ ಜಾಯೆದ್ ಅವರು ಸ್ಥಾಪಿಸಿದ ಅಲ್ಲಿನ ಮೃಗಾಲಯದಲ್ಲಿ, ಅಮೆರಿಕದ ಸಿನ್ಸಿನಾಟಿ ಮೃಗಾಲಯದ ತಜ್ಞರ ನೆರವಿನಿಂದ, 2010ರಲ್ಲಿ ಪ್ರನಾಳ ವಿಧಾನದಲ್ಲಿ ಮರಳು ಬೆಕ್ಕಿನ ಮರಿಗಳು ಹುಟ್ಟಿದವು.

ಈ ತಂತ್ರದ ಲಾಭ ಏನು ಅಂದರೆ, ಪ್ರಾಣಿಯನ್ನು ವಿಮಾನದಲ್ಲಿ ಅಲ್ಲಿಂದಿಲ್ಲಿಗೆ ಸಾಗಿಸಿ ಕಷ್ಟ ಕೊಡಬೇಕಾಗಿಲ್ಲ. ಇವತ್ತು ಸಾಯುವ ಬೆಕ್ಕಿನ ವಂಶವನ್ನು ಹತ್ತು ವರ್ಷದ ಮೇಲೂ ಮುಂದುವರಿಸಬಹುದು. ಬ್ಯಾಂಕಿನಲ್ಲಿಟ್ಟ ಠೇವಣಿ ಇದ್ದ ಹಾಗೆ. ಆದರೆ ಠೇವಣಿ ಇದೆ ಅಂತ ದುಡಿಮೆ ಬಿಡುವಂತಿಲ್ಲ. ದುಡಿಮೆ ಅಂದರೆ ಇಲ್ಲಿ ಕಾಡು.

ಕರಿಪಾದದ ಬೆಕ್ಕಿನ ವಿಷಯದಲ್ಲಿ ಆ ದುಡಿಮೆ ನಡೆಯುತ್ತಿರುವುದು ದಕ್ಷಿಣ ಆಫ್ರಿಕಾದ ಕಿಂಬರ್ಲಿ ಹತ್ತಿರದ ಬೆನ್‌ಫಾಂಟೈನ್‌ನಲ್ಲಿ. ಜರ್ಮನಿಯ ಅಲೆಕ್ಸಾಂಡರ್ ಸ್ಲಿವಾ 1992ರಿಂದ ಅಲ್ಲಿ ಈ ಬೆಕ್ಕುಗಳಿಗೆ ರೇಡಿಯೋ ಪಟ್ಟಿ ಕಟ್ಟಿ ರಾತ್ರಿಯಿಡೀ ಹಿಂಬಾಲಿಸಿ ಅಧ್ಯಯನ ಮಾಡಿದವರು. ಸರಾಸರಿ 50 ನಿಮಿಷಕ್ಕೆ ಒಂದು ಬೇಟೆ, ಒಂದು ರಾತ್ರಿಗೆ ಹತ್ತರಿಂದ ಹದಿನಾಲ್ಕು ಬೇಟೆ, ಇದು ಈ ಒಂದೂವರೆ ಕಿಲೋ ಜೀವದ ದಿನಚರಿ ಅಂತ ಗೊತ್ತಾದದ್ದು ಅವರ ಅಧ್ಯಯನದಿಂದ. ನರಿಗೆಂದು ರೈತರಿಡುವ ವಿಷ, ಉರುಲು, ದನಕುರಿ ಅತಿಯಾಗಿ ಮೇಯ್ದು ಬೋಳಾದ ನೆಲ, ಇವು ಅಲ್ಲಿ ಇದರ ಶತ್ರುಗಳು. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದು ಅಪಾಯಕ್ಕೀಡಾಗಬಹುದಾದ ಜಾತಿ. ಕಾಡಿನಲ್ಲಿ ಉಳಿದಿರುವ ಬೆಳೆದ ಬೆಕ್ಕುಗಳು ಹತ್ತು ಸಾವಿರದ ಒಳಗೆ ಅಂತ ಅಂದಾಜು.

ವಿಲ್ಲಾದ ಬೆಕ್ಕಿನ ಖರ್ಚು ಯಾರ ಖಾತೆಗೆ?

ಈಗ ಗಾಡಿಯ ಸೀಟಿನ ಮೇಲಿನ ಸರ್ವಲ್‌ಗೆ ಬರೋಣ. ಮರಿಯಾಗಿದ್ದಾಗ ಬಾಟಲಿ ಹಾಲು ಕುಡಿಯುತ್ತದೆ, ತೊಡೆಯ ಮೇಲೆ ಮಲಗುತ್ತದೆ. ಬೆಳೆದ ಮೇಲೆ ಹತ್ತು ಕಿಲೋ ದಾಟುತ್ತದೆ, ಆಳೆತ್ತರದ ಗೋಡೆ ಹಾರುತ್ತದೆ, ತನ್ನ ಜಾಗ ಅಂತ ತೋರಿಸಲು ಸೋಫಾ, ಪರದೆ, ಹಾಸಿಗೆ ಎಲ್ಲದರ ಮೇಲೂ ಮೂತ್ರ ಸಿಡಿಸುತ್ತದೆ. ಅದು ಅದರ ತಪ್ಪಲ್ಲ, ಹುಟ್ಟುಗುಣ. ಆಗ ಮನೆಯ ಮಕ್ಕಳಿಗೆ ಬೇಸರವಾಗುತ್ತದೆ, ಬೆಕ್ಕು ಮಜ್ರಾದ ಪಂಜರ ಸೇರುತ್ತದೆ, ಊಟ ಹಾಕುವ ಕೆಲಸ ಅಲ್ಲಿನ ಕೆಲಸಗಾರನಿಗೆ ಬರುತ್ತದೆ. ಸರಿಯಾಗಿ ನೋಡಿಕೊಂಡರೆ ಸರ್ವಲ್ ಬಂಧನದಲ್ಲಿ ಇಪ್ಪತ್ತು ವರ್ಷದ ತನಕ ಬದುಕಬಲ್ಲದು. ವೀಸಾ ಎರಡು ವರ್ಷದ್ದು, ಬೆಕ್ಕಿನ ಆಯಸ್ಸು ಇಪ್ಪತ್ತು ವರ್ಷದ್ದು. ಕೊಂಡ ಬೆಲೆ ಒಂದೇ ಸಲದ ಖರ್ಚು. ಉಳಿದ ಊಟ, ಪಂಜರ, ಡಾಕ್ಟರು, ತಂಪು ನೆರಳು ಎಲ್ಲವೂ ಅಷ್ಟೂ ವರ್ಷ ಪ್ರತಿ ತಿಂಗಳು ಬರುವ ಖರ್ಚು.

ಇನ್ನು ಅದನ್ನು ಕಾಡಿಗೆ ಬಿಡೋಣ ಅಂದರೆ, ಮನುಷ್ಯನ ಕೈಯಲ್ಲೇ ಬೆಳೆದು ಬೇಟೆ ಕಲಿಯದ ಬೆಕ್ಕು ಕಾಡಿನಲ್ಲಿ ಬದುಕುವುದು ಕಷ್ಟ. ಈ ದೇಶದ ಮರುಭೂಮಿ ಸರ್ವಲ್‌ನ ನೆಲವೂ ಅಲ್ಲ.

ಕಾನೂನಿನ ಮಾತೂ ಇದೆ. ಯುಎಇಯಲ್ಲಿ 2016ರ 22ನೇ ಫೆಡರಲ್ ಕಾನೂನಿನ ಪ್ರಕಾರ ಉಗ್ರ ಮತ್ತು ಅಪಾಯಕಾರಿ ಪ್ರಾಣಿಗಳನ್ನು ಖಾಸಗಿ ವ್ಯಕ್ತಿಗಳು ಸಾಕುವಂತಿಲ್ಲ. ಪರವಾನಗಿ ಇರುವ ಮೃಗಾಲಯ, ಸಂಶೋಧನಾ ಕೇಂದ್ರ ಮುಂತಾದವರಿಗೆ ಮಾತ್ರ ಅವಕಾಶ. ಅಂಥ ಪ್ರಾಣಿಯನ್ನು ಸಾರ್ವಜನಿಕ ಜಾಗಕ್ಕೆ ತಂದರೆ ಆರು ತಿಂಗಳ ತನಕ ಜೈಲು, 5 ಲಕ್ಷ ದಿರ್ಹಂ ತನಕ ದಂಡ ಬೀಳಬಹುದು. ಬೆಕ್ಕು ಮಾಲೀಕರದ್ದೇ ಇರಬಹುದು, ಆದರೆ ರಸ್ತೆಯಲ್ಲಿ ಹಗ್ಗ ಹಿಡಿದಿರುವ ಕೈ ಯಾರದ್ದು ಅನ್ನುವ ಪ್ರಶ್ನೆ ಮೊದಲು ಬರುತ್ತದೆ. ದೇಶದಿಂದ ದೇಶಕ್ಕೆ ಸಾಗಿಸುವುದಕ್ಕೆ ಸೈಟಿಸ್ ಒಪ್ಪಂದದ ನಿಯಮ ಬೇರೆ. ಕರಿಪಾದದ ಬೆಕ್ಕು ಅದರ ಮೊದಲನೇ ಪಟ್ಟಿಯಲ್ಲಿದೆ, ಅಂದರೆ ವ್ಯಾಪಾರಕ್ಕೆ ಸಾಗಿಸುವಂತೆಯೇ ಇಲ್ಲ. ಸರ್ವಲ್, ಮರಳು ಬೆಕ್ಕು ಎರಡನೇ ಪಟ್ಟಿಯಲ್ಲಿವೆ, ಅವುಗಳಿಗೆ ಪರವಾನಗಿ ಪತ್ರ ಬೇಕೇ ಬೇಕು. ಭಾರತದಲ್ಲೂ 2022ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಇಂಥ ವಿದೇಶಿ ಪ್ರಾಣಿ ಇಟ್ಟುಕೊಂಡವರು ಸರ್ಕಾರಕ್ಕೆ ಲೆಕ್ಕ ಕೊಡಬೇಕು. "ಊರಿಗೆ ಹೋಗುವಾಗ ಒಂದು ಪೆಟ್ಟಿಗೆ ತಗೊಂಡು ಹೋಗು, ಕಮಿಷನ್ ಕೊಡ್ತೇನೆ" ಅಂತ ಯಾರಾದರೂ ಹೇಳಿದರೆ ಕೈಮುಗಿದು ಬರಬೇಕು.

ಕ್ಯಾಂಪಿನ ಬೆಕ್ಕೂ ಲೆಕ್ಕಕ್ಕೆ ಬರುತ್ತದೆ

ನಮ್ಮವರಲ್ಲಿ ಸರ್ವಲ್ ಕೊಳ್ಳುವವರು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಕ್ಯಾಂಪಿನ ಮೆಸ್ ಹಿಂದೆ ಉಳಿದ ಅನ್ನ, ಮೀನು ಹಾಕಿ ಬೆಕ್ಕು ಸಾಕುವವರು ತುಂಬ ಜನ. ಕಾಡುಬೆಕ್ಕನ್ನು ಉಳಿಸುವ ವಿಷಯದಲ್ಲಿ ಅವರ ಕೈಯಲ್ಲೂ ಒಂದು ಕೆಲಸ ಇದೆ.

ಇಲ್ಲಿನ ಮರುಭೂಮಿಯ ಕಾಡುಬೆಕ್ಕಿಗೆ ದೊಡ್ಡ ಅಪಾಯ ಬೇಟೆಗಾರ ಒಬ್ಬನಿಂದಲೇ ಅಲ್ಲ, ಬೀದಿ ಬೆಕ್ಕಿನಿಂದಲೂ ಇದೆ. ಎರಡೂ ಒಂದೇ ಮೂಲದವು, ಸುಲಭವಾಗಿ ಕೂಡುತ್ತವೆ, ಮರಿಗಳಾಗುತ್ತವೆ. ಹೀಗೆ ಬೆರೆಯುತ್ತಾ ಹೋದರೆ ಯಾರೂ ಕೊಲ್ಲದೆಯೇ ಕಾಡುಬೆಕ್ಕಿನ ಶುದ್ಧ ವಂಶ ಕರಗಿಹೋಗುತ್ತದೆ. ಆಫ್ರಿಕಾದ ಹಳ್ಳಿಗಳ ಅಂಚಿನಲ್ಲೂ ಇದೇ ಸಮಸ್ಯೆ. ಜೊತೆಗೆ ಬೀದಿ ಬೆಕ್ಕಿನ ರೋಗಗಳು ಕಾಡಿಗೂ ದಾಟುತ್ತವೆ. ಹಾಗಾಗಿ ಮರುಭೂಮಿಯ ಅಂಚಿನಲ್ಲಿರುವ ಕ್ಯಾಂಪು, ಮಜ್ರಾಗಳಲ್ಲಿ ಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ, ಲಸಿಕೆ ಮಾಡಿಸಿದರೆ ಅದೇ ದೊಡ್ಡ ವನ್ಯಜೀವಿ ಸೇವೆ. ಕ್ಯಾಂಪ್ ಬಾಸ್ ಮೂಲಕ ನಗರಸಭೆಯನ್ನೋ ಪ್ರಾಣಿ ಆಸ್ಪತ್ರೆಯನ್ನೋ ವಿಚಾರಿಸಬಹುದು. ಬೀದಿ ಬೆಕ್ಕಿಗೆ ಊಟ ಹಾಕುವುದಕ್ಕೂ ಕೆಲವು ಕಡೆ ನಿಯಮ ಇರುತ್ತದೆ, ಅದನ್ನೂ ಕೇಳಿಕೊಳ್ಳುವುದು ಒಳ್ಳೆಯದು. ರಜೆಗೆ ಹೋಗುವಾಗ ಸಾಕಿದ ಬೆಕ್ಕನ್ನು ಮರುಭೂಮಿಯಲ್ಲಿ ಬಿಟ್ಟು ಬರುವುದಂತೂ ಬೇಡವೇ ಬೇಡ.

ಕೆಲಸದ ಜಾಗದಲ್ಲಿ ಕಾಡುಬೆಕ್ಕಿನ ಜವಾಬ್ದಾರಿ ಬಿದ್ದವರು ಕೆಲವು ವಿಷಯ ನೆನಪಿಡಬೇಕು. ಅದು ಎಷ್ಟೇ ಸಾಧುವಾಗಿ ಕಂಡರೂ ಒಬ್ಬರೇ ಪಂಜರದೊಳಗೆ ಹೋಗಬಾರದು. ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ, ಯಾವ ಪ್ರಾಣಿ ಅಂತ ಮುಚ್ಚಿಡದೆ ಹೇಳಬೇಕು. ರೇಬಿಸ್ ಲಸಿಕೆ ಬೇಕೋ ಬೇಡವೋ ಅಂತ ತೀರ್ಮಾನಿಸುವುದು ಡಾಕ್ಟರು. ಮಲ ತೆಗೆಯುವಾಗ ಕೈಗವಸು ಹಾಕಬೇಕು. ಮನೆಯಲ್ಲಿ ಗರ್ಭಿಣಿ ಇದ್ದರೆ ಆಕೆಗೆ ಆ ಕೆಲಸ ಕೊಡಬಾರದು, ಟಾಕ್ಸೋಪ್ಲಾಸ್ಮಾ ಹೊಟ್ಟೆಯಲ್ಲಿರುವ ಮಗುವಿಗೂ ಹಾನಿ ಮಾಡುತ್ತದೆ.

ಮಕ್ಕಳಿಗೆ ಈ ಬೆಕ್ಕುಗಳನ್ನು ತೋರಿಸಬೇಕು ಅನ್ನುವವರಿಗೆ ಒಳ್ಳೆಯ ದಾರಿ ಇದೆ. ಅಲ್ ಐನ್ ಮೃಗಾಲಯ ಇದೆ, ಧೈದ್ ರಸ್ತೆಯಲ್ಲಿ ಶಾರ್ಜಾ ಮರುಭೂಮಿ ಉದ್ಯಾನದ ಅರೇಬಿಯನ್ ವನ್ಯಜೀವಿ ಕೇಂದ್ರ ಇದೆ. ಒಂದು ಶುಕ್ರವಾರವೋ ಶನಿವಾರವೋ ಸಂಸಾರ ಸಮೇತ ಹೋಗಿ ಬರಬಹುದು. ಆ ಟಿಕೆಟಿನ ದುಡ್ಡು ಹೋಗುವುದು ವಂಶಾವಳಿ ಪುಸ್ತಕ ಇಡುವವರಿಗೆ.

ಇನ್ನು ಗ್ರೂಪಿಗೆ ಆ ಸರ್ವಲ್ ವಿಡಿಯೋ ಮತ್ತೆ ಬಂದರೆ ಫಾರ್ವರ್ಡ್ ಮಾಡದೆ ಬಿಟ್ಟರೂ ಸಾಕು. ಒಂದು ವಿಡಿಯೋಗೆ ಬೀಳುವ ಸಾವಿರ ಲೈಕು ಇನ್ನೊಬ್ಬ ಗಿರಾಕಿಯನ್ನು ಹುಟ್ಟಿಸುತ್ತದೆ. ಆ ಗಿರಾಕಿಗಾಗಿ ಆಫ್ರಿಕಾದ ಯಾವುದೋ ಹುಲ್ಲುಗಾವಲಿನಲ್ಲಿ ಇನ್ನೊಂದು ಮರಿಯನ್ನು ತಾಯಿಯಿಂದ ಕಿತ್ತು ತರುತ್ತಾರೆ.